ಶುಕ್ರ ಗ್ರಹದಲ್ಲಿ ಎಷ್ಟು ಸೆಂಟು?

ನಿನ್ನೆ ರಾತ್ರಿಯ ಸಿಟ್ಟು ಇನ್ನೂ ಇಳಿದಿಲ್ಲ.

ಟಿವಿಯಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳ ಬಗ್ಗೆ ಡಾಕ್ಯುಮೆಂಟರಿ ಬರುತ್ತಿತ್ತು. 1977ರಲ್ಲಿ ಹೊರಟ ಜೋಡಿ. ಅದರಲ್ಲಿ ವಾಯೇಜರ್ 1 ಈಗ 2,400 ಕೋಟಿ ಕಿಲೋಮೀಟರಿಗೂ ಆಚೆ ಇದೆ. ಅದರ ಟ್ರಾನ್ಸ್‌ಮಿಟರಿಗೆ ಸುಮಾರು 23 ವಾಟ್ ಶಕ್ತಿ. ನಮ್ಮ ಕೊಟ್ಟಿಗೆಯಲ್ಲಿ ನೇತಾಡುವ ಹಳೇ ಬಲ್ಬೇ ನಲವತ್ತು ವಾಟಿನದು. ಅಷ್ಟು ಸಣ್ಣ ಸಿಗ್ನಲ್ ಇಲ್ಲಿಗೆ ಬರೋಕೆ 22 ಗಂಟೆಗೂ ಜಾಸ್ತಿ ಹಿಡಿಯುತ್ತದೆ. ಆದರೂ ಬರುತ್ತದೆ. ಎರಡೂ ನೌಕೆಗಳಲ್ಲಿ ಚಿನ್ನದ ಲೇಪದ ಒಂದೊಂದು ರೆಕಾರ್ಡ್ ಇಟ್ಟಿದ್ದಾರೆ. ಅದರಲ್ಲಿ 55 ಭಾಷೆಗಳ ಶುಭಾಶಯ. ಕನ್ನಡವೂ ಇದೆ!

ಅದನ್ನೇ ಕೇಳಿಸುತ್ತೇವೆ ಅಂದರು. ನಾನು ಮಿಕ್ಸಿ ನಿಲ್ಲಿಸಿದೆ. ಮಗನ ಬಾಯಿ ಮುಚ್ಚಿಸಿದೆ. ವಾಲ್ಯೂಮ್ ಏರಿಸಿದೆ.

ಪರದೆ ನೀಲಿಯಾಯಿತು. ಸಿಗ್ನಲ್ ಇಲ್ಲ.

ಮಳೆ, ಮತ್ತೇನು. ನಮ್ಮ ಡಿಶ್‌ಗೆ ಸಿಗ್ನಲ್ ಕಳಿಸುವ ಉಪಗ್ರಹ ಇರುವುದು ಬರೀ 36,000 ಕಿಲೋಮೀಟರ್ ಮೇಲೆ. ಅಷ್ಟು ದೂರ ಸಲೀಸಾಗಿ ಬರುತ್ತದೆ. ಕೊನೆಯ ನಾಲ್ಕೈದು ಕಿಲೋಮೀಟರಿನಲ್ಲಿ ನಮ್ಮ ಮಳೆ ಸಿಗುತ್ತದಲ್ಲ, ಹನಿಗಳು ಅದನ್ನು ಹೀರಿ, ಚದುರಿಸಿ ಮುಗಿಸಿಬಿಡುತ್ತವೆ. ಬೆಂಗಳೂರಿನಿಂದ ಬರುವ ನೆಂಟರ ಹಾಗೆ. ಮಡಿಕೇರಿವರೆಗೆ ಖುಷಿಯಾಗಿ ಬಂದು, ನಮ್ಮ ಗೇಟಿನ ಹತ್ತಿರ ಕಾಲಿಗೆ ಒಂದು ಜಿಗಣೆ ಹತ್ತಿದ ಕೂಡಲೇ ವಾಪಸ್. ಮೊಬೈಲಲ್ಲಿ ನೋಡಬಹುದಿತ್ತಲ್ಲ ಅನ್ನಬೇಡಿ. ನಮಗೆ ನೆಟ್‌ವರ್ಕ್ ಸಿಗುವುದು ಅದೇ ಗೇಟಿನ ಪಕ್ಕದ ಹಲಸಿನ ಮರದ ಕೆಳಗೆ. ಜಿಗಣೆಗಳೂ ಅಲ್ಲೇ.

ಆಗ ನಮ್ಮ ಮಾವ ಎದ್ದರು. ಟಾರ್ಚು, ಕೊಡೆ ಹಿಡಿದು ಹೊರಟರು. ಈ ವಯಸ್ಸಿನಲ್ಲಿ ಸೊಸೆಯ ವಾಯೇಜರಿಗಾಗಿ ಮಳೆಗೆ ಇಳಿದರಲ್ಲ ಅಂತ ನನ್ನ ಕಣ್ಣೇ ಒದ್ದೆಯಾಯಿತು. ನಾನು ಬಾಗಿಲಲ್ಲಿ ನಿಂತು ಕೂಗಿದೆ, "ಮಾವಾ, ಸ್ವಲ್ಪ ಬಲಕ್ಕೆ ತಿರುಗಿಸಿ!" ಶೀಟಿನ ಮೇಲೆ ಮಳೆಯ ಸದ್ದು. ಅವರು ಏನೋ ಕೂಗಿದರು. ನನಗೆ "ಬಂತಾ?" ಅಂತ ಕೇಳಿಸಿತು. "ಇಲ್ಲಾ!" ಅಂದೆ. ಮತ್ತೆ ಏನೋ ಕೂಗಿದರು. ಮತ್ತೆ "ಇಲ್ಲಾ!" ಹತ್ತು ನಿಮಿಷ ಹೀಗೇ.

ತೊಟ್ಟಿಕ್ಕುತ್ತಾ ಒಳಗೆ ಬಂದರು. ಮುಖದಲ್ಲಿ ಮದುವೆ ಮನೆಯ ಕಳೆ. "ಅರ್ಧ ಗಂಟೇಲಿ ಐವತ್ತು ಸೆಂಟು ಹೊಡೆದಿದೆ ನೋಡಮ್ಮಾ! ಕೂಗಿ ಹೇಳಿದರೆ ಇಲ್ಲ ಇಲ್ಲ ಅಂತೀಯಲ್ಲ!"

ಡಿಶ್ ಕಡೆ ಅವರು ತಿರುಗಿಯೂ ನೋಡಿರಲಿಲ್ಲ. ಹೋಗಿದ್ದು ಮಳೆ ಅಳೆಯುವ ಗೇಜಿಗೆ.

ತೋಟದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಮಳೆ ಅಂದರೆ ಇಂಚು, ಸೆಂಟು. ನೂರು ಸೆಂಟಿಗೆ ಒಂದಿಂಚು. ದಿನಾ ಬೆಳಿಗ್ಗೆ ಎಂಟಕ್ಕೆ ಗೇಜು ನೋಡಿ ಡೈರಿಯಲ್ಲಿ ಬರೆದು, ಆಮೇಲೆ ಅಕ್ಕಪಕ್ಕದ ತೋಟಕ್ಕೆಲ್ಲ ಫೋನು. "ನಿಮ್ಮಲ್ಲಿ ಎಷ್ಟು?" ಪಕ್ಕದವರಿಗೆ ಇಪ್ಪತ್ತು ಸೆಂಟು ಜಾಸ್ತಿ ಅಂದರೆ ಅವತ್ತು ಮಾವನಿಗೆ ಕಡುಬೂ ಸೇರುವುದಿಲ್ಲ.

ಇದೇ ಅಳತೆಗೋಲನ್ನು ಅವರು ಸೌರಮಂಡಲಕ್ಕೂ ಹಿಡಿಯುತ್ತಾರೆ. ನಾನು ಯಾವ ಗ್ರಹ ನೋಡುತ್ತಿದ್ದರೂ ಹಿಂದಿನಿಂದ ಒಂದೇ ಪ್ರಶ್ನೆ: "ಅಲ್ಲಿ ಎಷ್ಟು ಸೆಂಟು?" ಶುಕ್ರದಲ್ಲಿ ಸುರಿಯುವುದು ಸಲ್ಫ್ಯೂರಿಕ್ ಆಸಿಡ್ ಮಾವಾ, ಅದೂ ನೆಲ ಮುಟ್ಟುವ ಮೊದಲೇ ಆವಿಯಾಗಿ ಹೋಗುತ್ತದೆ ಅಂದೆ. "ಹಾಗಾದರೆ ಗೇಜಿಗೆ ಸೊನ್ನೆ. ಬೇಡ." ಶನಿಯ ಚಂದ್ರ ಟೈಟನ್‌ನಲ್ಲಿ ಮೀಥೇನ್ ಮಳೆ, ಅಲ್ಲಿ ಗುರುತ್ವ ಕಡಿಮೆ, ದಪ್ಪ ಹನಿಗಳು ನಿಧಾನಕ್ಕೆ ಇಳಿಯುತ್ತವೆ ಅಂದೆ. ಇದು ಸ್ವಲ್ಪ ಹಿಡಿಸಿತು. "ಕಾಫಿ ಹೂ ಮಳೆಗೆ ಒಳ್ಳೇದು. ಹೂವು ಉದುರಲ್ಲ." ನೆಪ್ಚೂನಿನ ಒಳಗೆ ವಜ್ರದ ಮಳೆ ಬೀಳಬಹುದು ಅಂತ ವಿಜ್ಞಾನಿಗಳ ಊಹೆ ಅಂದಾಗ ಮಾತ್ರ ರೇಗಿದರು. "ಕಾಫಿ ಕುಯ್ಯೋಕೇ ಆಳಿಲ್ಲ. ಇನ್ನು ಅದನ್ನು ಯಾರು ಹೆಕ್ತಾರೆ?"

ನಿನ್ನೆಯೂ ಹಾಗೇ ಆಯಿತು. ಸಿಗ್ನಲ್ ಹೋಗುವ ಸ್ವಲ್ಪ ಮೊದಲು, ವಾಯೇಜರ್ 1990ರ ಫೆಬ್ರವರಿ 14ರಂದು 600 ಕೋಟಿ ಕಿಲೋಮೀಟರ್ ದೂರದಿಂದ ಹಿಂತಿರುಗಿ ತೆಗೆದ ಭೂಮಿಯ ಫೋಟೋ ತೋರಿಸಿದರು. ಒಂದು ಚುಕ್ಕಿ, ಅಷ್ಟೇ. ಕ್ಯಾಮೆರಾದ ಒಂದು ಪಿಕ್ಸೆಲ್ಲಿಗೂ ಕಡಿಮೆಯಂತೆ. ನನಗೆ ಮಾತೇ ಹೊರಡಲಿಲ್ಲ. ಮಾವ ಎದ್ದು ಹೋಗಿ ಟ್ರಂಕಿನಿಂದ 1990ರ ಡೈರಿ ತಂದರು. ಕನ್ನಡಕ ಏರಿಸಿ, ಬೆರಳು ಇಟ್ಟು ಓದಿದರು. "ಫೆಬ್ರವರಿ 14. ಮಳೆ ಇಲ್ಲ. ಮೋಡ ಇರಲಿಲ್ಲ, ಅದಕ್ಕೇ ಫೋಟೋ ಬಂದಿದೆ."

ಮಗ ಇನ್ನೊಂದು ಡೈರಿ ಎತ್ತಿಕೊಂಡು ತಿರುವಿ ಹಾಕುತ್ತಿದ್ದ. 2018ರದ್ದು. ಆಗಸ್ಟ್ 15ರವರೆಗೆ ದುಂಡಗಿನ ಅಕ್ಷರ. 16ಕ್ಕೆ ಏನೋ ಬರೆದು ಗೀಚಿ ಹಾಕಿದ್ದಾರೆ. 17ರಿಂದ ಖಾಲಿ. "ಯಾಕೆ ತಾತಾ, ಮಳೆ ಬರಲಿಲ್ವಾ?" ಅಂದ. ಆ ದಿನ ಗೇಜು ಇಟ್ಟಿದ್ದ ಕಲ್ಲು, ಅದರ ಪಕ್ಕದ ಎರಡು ಸಾಲು ಕಾಫಿ, ಎಲ್ಲ ಗುಡ್ಡದ ಬರೆ ಸಮೇತ ಕುಸಿದು ಕೆಳಗೆ ಹೋಗಿತ್ತು. ಮಾವ ಡೈರಿ ತೆಗೆದುಕೊಂಡು ಮುಚ್ಚಿದರು. "ಬಂತು ಮಗಾ," ಅಂದರು, ಅಷ್ಟೇ.

ಸಿಗ್ನಲ್ ವಾಪಸ್ ಬಂದಾಗ ಹತ್ತೂವರೆ. ವಾಯೇಜರ್ ಮುಗಿದು ಸಹಾರಾ ಮರುಭೂಮಿ ಶುರುವಾಗಿತ್ತು. ತಲೆ ಒರೆಸಿಕೊಳ್ಳುತ್ತಾ ಮಾವ ಬಂದು ಕೂತರು.

"ಇಲ್ಲಿ ಎಷ್ಟು?"

"ಜಾಸ್ತಿ ಜಾಗದಲ್ಲಿ ವರ್ಷಕ್ಕೆ ನಾಲ್ಕಿಂಚೂ ಇಲ್ಲ ಮಾವಾ."

"ಇಡೀ ವರ್ಷಕ್ಕಾ? ಪಾಪ." ಸ್ವಲ್ಪ ಹೊತ್ತು ಮರಳು ನೋಡಿದರು. "ಆದರೆ ಡಿಶ್ ಚೆನ್ನಾಗಿ ಬರ್ತದೆ, ಅಲ್ವಾ?"