ಸಿಗಿರಿಯಾದಲ್ಲಿ ರಾಗಿ ಬೀಸಿದ ಪ್ರಸಂಗ

ಶ್ರೀಲಂಕಾ ಪ್ಯಾಕೇಜ್ ಪ್ರವಾಸದ ಕರಪತ್ರದಲ್ಲಿ ‘ಸಾಹಸ ಮತ್ತು ಇತಿಹಾಸ’ ಎಂದು ಒಂದು ದಿನವನ್ನು ಎತ್ತಿಟ್ಟಿರುತ್ತಾರೆ. ಬೆಳಿಗ್ಗೆ ಸಿಗಿರಿಯಾ ಬಂಡೆ, ಮಧ್ಯಾಹ್ನ ಹಬರಣದ ಕಡೆಯ ಒಂದು ಹಳ್ಳಿ. ಬಂಡೆಗೆ ಸುಮಾರು 1,200 ಮೆಟ್ಟಿಲು. ಬೆಂಗಳೂರಿನಲ್ಲಿ ಲಿಫ್ಟ್ ಕೆಟ್ಟು ಎರಡು ಮಹಡಿ ಹತ್ತಬೇಕಾಗಿ ಬಂದರೆ ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರ ರಾಜೀನಾಮೆ ಕೇಳುವ ಜನ, ಅಲ್ಲಿ ಡಾಲರ್ ಲೆಕ್ಕದಲ್ಲಿ ಟಿಕೆಟ್ ಕೊಂಡು ಹತ್ತುತ್ತಾರೆ. ದುಡ್ಡು ಕೊಟ್ಟು ಏದುಸಿರು ಬಿಟ್ಟರೆ ಅದಕ್ಕೆ ಸಾಹಸ ಎಂದು ಹೆಸರು.

ಬಂಡೆಯ ಬುಡದಲ್ಲಿ 5ನೆಯ ಶತಮಾನದ ಉದ್ಯಾನವಿದೆ. ಅದರ ಕಾರಂಜಿಗಳು ಮಳೆಗಾಲದಲ್ಲಿ ಇಂದಿಗೂ ಚಿಮ್ಮುತ್ತವೆ. ಪಂಪ್ ಇಲ್ಲ, ಕರೆಂಟ್ ಇಲ್ಲ, ನೀರಿನ ಒತ್ತಡವೊಂದೇ. ಮಂತ್ರಿಗಳು ಗುಂಡಿ ಒತ್ತಿದ ಮರುವಾರವೇ ಒಣಗಿ ನಿಲ್ಲುವ ನಮ್ಮ ವೃತ್ತಗಳ ಕಾರಂಜಿಗಳನ್ನು ಕಂಡವರು ಇಲ್ಲಿ ಒಂದು ಗಳಿಗೆ ಕುಳಿತು ಅತ್ತರೂ ತಪ್ಪಿಲ್ಲ. ಆದರೆ ಅಳುವುದಕ್ಕೆ ವೇಳಾಪಟ್ಟಿಯಲ್ಲಿ ಜಾಗವಿಲ್ಲ. ಗೈಡಿನ ಕೈಯ ಬಾವುಟ ಆಗಲೇ ಮುಂದೆ ಹೋಗಿರುತ್ತದೆ.

ಬಾವುಟದ ಹಿಂದೆಯೇ ಇತಿಹಾಸವೂ ಓಡುತ್ತದೆ. ಕಾಶ್ಯಪನು ತಂದೆ ಧಾತುಸೇನನನ್ನು ಕೊಲ್ಲಿಸಿ ಸಿಂಹಾಸನ ಹಿಡಿದ. ಹಕ್ಕುದಾರನಾಗಿದ್ದ ತಮ್ಮ ಮೊಗ್ಗಲ್ಲಾನ ಭಾರತಕ್ಕೆ ಓಡಿಹೋದ. ಅವನು ಮರಳಿ ಬಂದಾನೆಂಬ ಭಯಕ್ಕೆ ಅಣ್ಣ ಈ ಬಂಡೆಯ ನೆತ್ತಿಯ ಮೇಲೆ ಅರಮನೆ ಕಟ್ಟಿಕೊಂಡು 477ರಿಂದ 495ರವರೆಗೆ ಆಳಿದ. ಇಷ್ಟು ಹೇಳುವಷ್ಟರಲ್ಲಿ ನಮ್ಮವರಿಗೆ ಎಲ್ಲವೂ ಅರ್ಥವಾಗಿರುತ್ತದೆ. ದಾಯಾದಿ ಕಲಹ, ಪಿತ್ರಾರ್ಜಿತ ಆಸ್ತಿ. ‘ವಿಲ್ ಬರೆದಿಡಬೇಕಿತ್ತು’ ಎಂದು ನಿವೃತ್ತ ತಹಸೀಲ್ದಾರರೊಬ್ಬರು ತೀರ್ಪು ಕೊಡುತ್ತಾರೆ. ಕೊನೆಯ ಯುದ್ಧದಲ್ಲಿ ಜೌಗು ನೆಲ ಕಂಡು ರಾಜನ ಆನೆ ಪಕ್ಕಕ್ಕೆ ತಿರುಗಿತು, ದೊರೆಯೇ ಓಡುತ್ತಿದ್ದಾನೆಂದು ಸೈನ್ಯ ಚದುರಿತು, ಕಾಶ್ಯಪ ಕತ್ತು ಕೊಯ್ದುಕೊಂಡ ಎಂಬಲ್ಲಿಗೆ ಗೈಡ್ ಬಂದಾಗ ಯಾರೋ ಶೌಚಾಲಯ ಎಲ್ಲಿದೆ ಎಂದು ಕೇಳುತ್ತಾರೆ.

ಮೇಲೆ ಕನ್ನಡಿ ಗೋಡೆ. ಮುಖ ಕಾಣುವಂತೆ ನುಣುಪು ಮಾಡಿದ್ದ ಸುಣ್ಣದ ಗಾರೆಯ ಈ ಗೋಡೆಯ ಮೇಲೆ, ಮಾನ್ಯಖೇಟದಲ್ಲಿ ನೃಪತುಂಗ ಆಳುತ್ತಿದ್ದ ಕಾಲಕ್ಕೆ ಆಚೀಚೆ ಬಂದುಹೋದ ಯಾತ್ರಿಕರು ಪದ್ಯ ಗೀಚಿದ್ದಾರೆ. ಭಿಕ್ಷುಗಳು, ಸೈನಿಕರು, ಹೆಂಗಸರು, ಎಲ್ಲರೂ. ಬಂಡೆಯ ಮೇಲೆ ಚಿತ್ರಿಸಿದ ಸುಂದರಿಯರು ಮಾತನಾಡುವುದಿಲ್ಲವಲ್ಲ ಎಂಬುದೇ ಹಲವರ ಕೊರಗು. ವಿದ್ವಾಂಸ ಸೆನರತ್ ಪರಣವಿತಾನ ಅಂಥ 685 ಪದ್ಯಗಳನ್ನು ಓದಿ ಪ್ರಕಟಿಸಿದರು. ಗೀಚು ರಾಷ್ಟ್ರದ ಸಂಪತ್ತಾಯಿತು. 2015ರಲ್ಲಿ ಅದೇ ಗೋಡೆಯ ಮೇಲೆ ಗೀಚಿದ ಯುವತಿಯೊಬ್ಬಳಿಗೆ ಎರಡು ವರ್ಷ ಜೈಲಾಯಿತು. ಕೊನೆಗೆ ರಾಷ್ಟ್ರಾಧ್ಯಕ್ಷರೇ ಕ್ಷಮಾದಾನ ಕೊಡಬೇಕಾಯಿತು. ಸಾವಿರ ವರ್ಷ ತಡವಾಗಿ ಹುಟ್ಟಿದ್ದು ಅವಳ ಅಪರಾಧ. ಹಂಪಿಯ ಕಂಬಗಳ ಮೇಲೆ ಹೃದಯಕ್ಕೆ ಬಾಣ ಚುಚ್ಚಿ ಹೆಸರು ಕೆತ್ತಿರುವ ನಮ್ಮ ಪ್ರೇಮಿಗಳು ಈ ಸುದ್ದಿ ಕೇಳಿ ಎದೆ ಮುಟ್ಟಿಕೊಳ್ಳುತ್ತಾರೆ. ತಂಡದ ಉಳಿದವರು ಬರೆಯುವ ಗೋಜಿಗೆ ಹೋಗುವುದಿಲ್ಲ. ಕೈಗಡಿಯಾರದಲ್ಲಿ ಮೂಡಿದ ಹೆಜ್ಜೆಗಳ ಲೆಕ್ಕವನ್ನು ವಾಟ್ಸ್‌ಆ್ಯಪ್‌ಗೆ ಹಾಕುತ್ತಾರೆ. ಅದನ್ನು ಓದಿ ಪ್ರಕಟಿಸಲು ಮುಂದೊಬ್ಬ ಪರಣವಿತಾನ ಹುಟ್ಟಿಬರಲಿ, ಪಾಪ.

ನೆತ್ತಿಗೇರುವ ಮೆಟ್ಟಿಲುಗಳ ಬುಡದಲ್ಲಿ ಕಟ್ಟಿರುವ ಭಾರೀ ಸಿಂಹದ ಪಂಜಗಳ ಹತ್ತಿರ ಒಂದು ಎಚ್ಚರಿಕೆ: ಮೌನವಾಗಿರಿ, ಗಲಾಟೆ ಮಾಡಿದರೆ ಕಡಜಗಳು ದಾಳಿ ಮಾಡುತ್ತವೆ. ಯುನೆಸ್ಕೋ 1982ರಲ್ಲಿ ಈ ತಾಣವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದೆ, ಸಿಬ್ಬಂದಿ ಇದ್ದಾರೆ, ಕಾನೂನಿದೆ. ಆದರೂ ನಮ್ಮವರ ಬಾಯಿ ಮುಚ್ಚಿಸುವ ಅಧಿಕಾರ ಇರುವುದು ಕಡಜಕ್ಕೆ ಮಾತ್ರ. ಅಂತ್ಯಾಕ್ಷರಿ ‘ಮ’ಕಾರದಲ್ಲೇ ನಿಲ್ಲುತ್ತದೆ. ವಿಧಾನಸಭೆಯ ಛಾವಣಿಯಲ್ಲೂ ಒಂದೆರಡು ಗೂಡು ಸಾಕುವ ಬಗ್ಗೆ ಸಭಾಧ್ಯಕ್ಷರು ಯೋಚಿಸಬಹುದು.

ಮಧ್ಯಾಹ್ನದ ಗ್ರಾಮೀಣ ಸಾಹಸಕ್ಕೆ ಬೇರೆ ದುಡ್ಡು. ಮೊದಲು ಎತ್ತಿನ ಗಾಡಿ ಸವಾರಿ. ಗಾಡಿಯ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕುಳಿತ ಮಂಡ್ಯದ ಕಡೆಯ ಯಜಮಾನರು ಕಂದಕ ದಾಟಿದಾಗಲೆಲ್ಲ ‘ಅಬ್ಬಾ’ ಎನ್ನುತ್ತಾರೆ. ಅವರ ತಾತನ ಗಾಡಿ ಹಿತ್ತಿಲಲ್ಲಿ ಗೆದ್ದಲು ತಿಂದು ಮಣ್ಣಾಯಿತು, ಹೊಲ ಲೇಔಟ್ ಆಯಿತು, ಅದರಲ್ಲಿ ಒಂದು ಸೈಟ್ ಮಾರಿದ ದುಡ್ಡಿನಲ್ಲೇ ಅವರೀಗ ಗಾಡಿ ಹತ್ತಿರುವುದು. ಆಮೇಲೆ ಕೆರೆಯಲ್ಲಿ ದೋಣಿ, ತಲೆಗೆ ತಾವರೆ ಎಲೆಯ ಟೋಪಿ. ನಮ್ಮ ಕೆರೆಗಳಲ್ಲಿ ನೊರೆ ಮಾತ್ರ ನೋಡಿದ ಮಕ್ಕಳು ‘ಇದು ನಿಜವಾದ ನೀರೇ?’ ಎಂದು ಮುಟ್ಟಿ ನೋಡುತ್ತವೆ.

ಕೊನೆಯದು ಮಣ್ಣಿನ ಗೋಡೆಯ ಮನೆ. ಅಂಗಳದಲ್ಲಿ ಒನಕೆ, ಮೊರ, ಬೀಸುಕಲ್ಲು. ‘ಇದು ಕುರಕ್ಕನ್, ನಮ್ಮ ಹಿರಿಯರ ಧಾನ್ಯ’ ಎಂದು ಗೈಡ್ ಬೊಗಸೆ ತುಂಬ ಎತ್ತಿ ತೋರಿಸುತ್ತಾನೆ. ನೋಡಿದರೆ ರಾಗಿ! ತಂಡ ಮುಗಿಬಿದ್ದು ಫೋಟೊ ತೆಗೆಯುತ್ತದೆ. ಜೀವಮಾನವಿಡೀ ಮುದ್ದೆ ನುಂಗಿದವರು ಅದನ್ನು ಮೊದಲ ಸಲ ಕಂಡವರಂತೆ ಅಂಗೈಯಲ್ಲಿಟ್ಟು ಮೂಸುತ್ತಾರೆ.

‘ಯಾರಾದರೂ ಪ್ರಯತ್ನಿಸುವಿರಾ?’ ಎಂದು ಗೈಡ್ ಕೇಳಿದ. ಯಜಮಾನರು ತಾಯಿಯನ್ನು ಮುಂದೆ ನೂಕಿದರು. ಆಕೆ ಸೆರಗು ಸಿಕ್ಕಿಸಿ, ಒಂದು ಕಾಲು ಚಾಚಿ ಕುಳಿತು, ಗೂಟವನ್ನು ಅಲ್ಲಾಡಿಸಿ ನೋಡಿ, ಸಡಿಲವಾಗಿದೆ ಎಂದು ಕಲ್ಲಿನಿಂದ ಎರಡೇಟು ಬಡಿದು ಕೂರಿಸಿದರು. ಬಲಗೈ ತಿರುಗಿಸುತ್ತಿದ್ದಂತೆ ಎಡಗೈ ತಾನಾಗಿ ಹಿಡಿ ಹಿಡಿಯಾಗಿ ಕಾಳು ಹಾಕಿತು. ಪಕ್ಕದಲ್ಲಿದ್ದ ಹಳ್ಳಿಯ ಹೆಂಗಸು ಬಾಯಿ ತೆರೆದು ನಿಂತಳು. ಚಪ್ಪಾಳೆ. ಮಗ ವಿಡಿಯೊ ಮಾಡಿ ‘ಎಪ್ಪತ್ತರಲ್ಲೂ ಅಮ್ಮನ ಸಾಹಸ’ ಎಂದು ಹಾಕಿದರು.

‘ಇದಕ್ಕೆ ಎಷ್ಟು ಕೊಟ್ಟೆ?’

ಮಗ ಡಾಲರಿನಲ್ಲಿ ಹೇಳಿದರು. ಆಕೆ ರೂಪಾಯಿಯಲ್ಲಿ ಕೇಳಿದರು. ಹೇಳಿದ ಮೇಲೆ ಸ್ವಲ್ಪ ಹೊತ್ತು ಲೆಕ್ಕ ಹಾಕಿ, ‘ಊರಿನ ಮಿಲ್ಲಿನವನು ಇಷ್ಟು ದುಡ್ಡಿಗೆ ವರ್ಷದ ರಾಗಿ ಬೀಸಿಕೊಡುತ್ತಾನೆ. ಹಿಟ್ಟಾದರೂ ಮನೆಗೆ ಬರುತ್ತದೆ’ ಎಂದರು.

‘ಅಮ್ಮಾ, ಇದು ಅನುಭವ.’

ಅಷ್ಟರಲ್ಲಿ ಹಳ್ಳಿಯ ಹೆಂಗಸು ಹಿಟ್ಟನ್ನೆಲ್ಲ ಬಳಿದು ಡಬ್ಬಕ್ಕೆ ತುಂಬಿಕೊಂಡು, ಮುಂದಿನ ಬಸ್ಸಿನವರಿಗೆಂದು ಹೊಸ ರಾಗಿಯನ್ನು ಮೊರಕ್ಕೆ ಸುರಿದಳು.