ಮೂರು ಸಾವಿರದ ಸ್ಟಾಲ್ ಮತ್ತು ನಮ್ಮ ಭಾವನ ಹಾಫ್ ಕ್ಲಚ್

ಹೋದ ಬೇಸಿಗೆಯಲ್ಲಿ ಅಕ್ಕ, ಭಾವ ಸಕಲೇಶಪುರದಿಂದ ಡೆಟ್ರಾಯಿಟ್ ಹತ್ತಿರದ ನಮ್ಮ ಮನೆಗೆ ಬಂದಿದ್ದರು. ಒಂದು ಸಂಜೆ ಭಾವನನ್ನು ನನ್ನ 1974ರ ಕಮಾರೊದಲ್ಲಿ ಕೂರಿಸಿಕೊಂಡು ವುಡ್‌ವರ್ಡ್ ಅವೆನ್ಯೂ ಕಡೆ ಹೊರಟೆ. ಸಿಗ್ನಲ್ ಬಿಟ್ಟಿತು, ಆಕ್ಸಿಲರೇಟರ್ ಒತ್ತಿದೆ. ಇಂಜಿನ್ ಭರ್ ಅಂತ ಏರಿತು. ಗಾಡಿ ಮಾತ್ರ ಅರೆಗಳಿಗೆ ಯೋಚನೆ ಮಾಡಿ ಆಮೇಲೆ ಹೊರಟಿತು.

"ಏನೋ ಇದು, ಕ್ಲಚ್ ಪ್ಲೇಟ್ ಹೋಗಿದೆಯಲ್ಲೋ?"

"ಭಾವ, ಇದು ಆಟೋಮ್ಯಾಟಿಕ್. ಕ್ಲಚ್ ಪೆಡಲ್ಲೇ ಇಲ್ಲ, ನೋಡಿ."

"ಮತ್ಯಾಕೆ ಹಾಫ್ ಕ್ಲಚ್‌ನಲ್ಲಿ ಓಡಿಸ್ತಿದ್ದೀಯ?"

ತೋಟದ ಏರಿನಲ್ಲಿ ನಲವತ್ತು ವರ್ಷ ಜೀಪು ಓಡಿಸಿದ ಕಿವಿ ಅದು. ಸರಿಯಾಗೇ ಹಿಡಿದಿತ್ತು. ಆಟೋಮ್ಯಾಟಿಕ್ ಗಾಡಿಯಲ್ಲಿ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ, ಕ್ಲಚ್ಚಿನ ಜಾಗದಲ್ಲಿ ಕೂರುವುದು ಟಾರ್ಕ್ ಕನ್ವರ್ಟರ್. ನನ್ನದರಲ್ಲಿದ್ದದ್ದು ಹೈ ಸ್ಟಾಲ್ ಕನ್ವರ್ಟರ್. ಅದು ಹೆಚ್ಚುಕಡಿಮೆ ಎಣ್ಣೆಯಲ್ಲಿ ಮಾಡಿದ ಹಾಫ್ ಕ್ಲಚ್ಚೇ.

ಮಜ್ಜಿಗೆ ಕಡೆಯುವುದನ್ನು ನೆನೆಸಿಕೊಳ್ಳಿ. ಕಡಗೋಲು ತಿರುಗಿದರೆ ಮಜ್ಜಿಗೆ ತಿರುಗುತ್ತದೆ. ಗಡಿಗೆಯನ್ನು ಯಾರೂ ಹಿಡಿದುಕೊಳ್ಳದಿದ್ದರೆ ಮಜ್ಜಿಗೆಯ ಜೊತೆ ಅದೂ ತಿರುಗಲು ನೋಡುತ್ತದೆ. ಕನ್ವರ್ಟರ್ ಒಳಗೂ ಅದೇ ಕಥೆ. ಇಂಜಿನ್ ಪಂಪನ್ನು ತಿರುಗಿಸುತ್ತದೆ, ಪಂಪು ಎಣ್ಣೆಯನ್ನು ಎರಚುತ್ತದೆ, ಆ ಎಣ್ಣೆ ಎದುರಿನ ಟರ್ಬೈನನ್ನು ತಳ್ಳುತ್ತದೆ. ಟರ್ಬೈನಿನಿಂದ ಗೇರ್‌ಬಾಕ್ಸಿಗೆ. ನಡುವೆ ಸ್ಟೇಟರ್ ಅಂತ ಇನ್ನೊಂದು ಚಕ್ರ ಇರುತ್ತದೆ. ವಾಪಸ್ ಬರುವ ಎಣ್ಣೆ ಪಂಪಿಗೆ ಅಡ್ಡ ಬೀಳದಂತೆ ದಿಕ್ಕು ತಿರುಗಿಸಿ, ಪಂಪಿಗೇ ಕೈ ಜೋಡಿಸುವ ಹಾಗೆ ಮಾಡುವುದು ಅದರ ಕೆಲಸ. ಅದರಿಂದಲೇ ನಿಂತಲ್ಲಿಂದ ಹೊರಡುವಾಗ ಇಂಜಿನ್ನಿನ ಟಾರ್ಕ್, ಅಂದರೆ ತಿರುಗಿಸುವ ಬಲ, ಸುಮಾರು ಎರಡು ಪಟ್ಟಾಗಿ ಗೇರ್‌ಬಾಕ್ಸ್ ಸೇರುತ್ತದೆ. ಭಾವನ ಜೀಪಿನ ಕ್ಲಚ್ಚಿಗೆ ಈ ಲಾಭ ಇಲ್ಲ.

ಇದರ ಮೂಲ ಜರ್ಮನಿಯ ಹರ್ಮನ್ ಫಾಟಿಂಗರ್. 1905ರಲ್ಲಿ ಪೇಟೆಂಟ್ ಪಡೆದಾಗ ಅವನ ತಲೆಯಲ್ಲಿದ್ದದ್ದು ಹಡಗು, ಕಾರಲ್ಲ. ಅಮೆರಿಕದ ಜನರ ಕಾರಿಗೆ ಇದನ್ನು ತಂದದ್ದು ನಮ್ಮ ಪಕ್ಕದ ಫ್ಲಿಂಟ್‌ನ ಬ್ಯೂಕ್, 1948ರ ಡೈನಾಫ್ಲೋದಲ್ಲಿ.

ಇನ್ನು ಸ್ಟಾಲ್. ಇಂಜಿನ್ ಬಂದ್ ಬೀಳುವುದಕ್ಕೂ ಸ್ಟಾಲ್ ಅನ್ನುತ್ತಾರೆ, ಇದು ಆ ಸ್ಟಾಲ್ ಅಲ್ಲ. ಗಡಿಗೆಯನ್ನು ಅಲ್ಲಾಡದಂತೆ ಒತ್ತಿ ಹಿಡಿದು ಪೂರ್ತಿ ಬಲದಿಂದ ಕಡೆದರೆ ಕಡಗೋಲು ಎಷ್ಟು ವೇಗಕ್ಕೆ ಹೋಗಿ ನಿಲ್ಲುತ್ತದೋ, ಅದೇ ಸ್ಟಾಲ್ ಸ್ಪೀಡ್. ಕಾರಲ್ಲಾದರೆ ಬ್ರೇಕ್ ಒತ್ತಿ ಹಿಡಿದು ಆಕ್ಸಿಲರೇಟರ್ ಪೂರ್ತಿ ತುಳಿದಾಗ ಇಂಜಿನ್ ಮುಟ್ಟುವ ವೇಗ. ಕಂಪನಿಯಿಂದ ಬಂದ ಹಳೇ ಕಾರುಗಳಲ್ಲಿ 2,000 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ಆಸುಪಾಸು. ನಿಂತಲ್ಲಿಂದ ಕಾಲು ಮೈಲಿ ನೇರ ಓಡಿಸುವ ಡ್ರ್ಯಾಗ್ ರೇಸಿನವರಿಗೆ 3,000, 4,000, ಇನ್ನೂ ಮೇಲೆ ಬೇಕು. ಅವರ ಇಂಜಿನ್‌ಗಳಿಗೆ ಶಕ್ತಿ ಹುಟ್ಟುವುದೇ ಅಲ್ಲಿಂದ.

"3,000 ಸ್ಟಾಲ್ ಅಂದ್ರೆ 3,000 ಮುಟ್ಟೋ ತನಕ ಗಾಡಿ ಕದಲಲ್ಲ" ಅಂತ ಇಲ್ಲಿ ಗಾಡಿ ಹುಚ್ಚಿರುವವರೂ ಹೇಳುತ್ತಾರೆ. ಸುಳ್ಳು. ಮೆಲ್ಲಗೆ ಒತ್ತಿದರೆ ಅದಕ್ಕಿಂತ ಎಷ್ಟೋ ಕೆಳಗೇ ಗಾಡಿ ನಡೆಯುತ್ತದೆ. ಆ ಅಂಕಿ ಪೂರ್ತಿ ತುಳಿದಾಗಿನ ಮಾತು. ಅದೂ ಕನ್ವರ್ಟರೊಂದರದ್ದೇ ಗುಣ ಅಲ್ಲ. 400 ಪೌಂಡ್-ಅಡಿ ಟಾರ್ಕಿನ ಇಂಜಿನ್ ಹಿಂದೆ 3,000 ತೋರಿಸುವ ಕನ್ವರ್ಟರ್, 300ರ ಇಂಜಿನ್ ಹಿಂದೆ ಸುಮಾರು 2,600ಕ್ಕೇ ನಿಲ್ಲುತ್ತದೆ. ಡಬ್ಬಿಯ ಮೇಲಿನ ಅಂಕಿಗೆ ದುಡ್ಡು ಕೊಡುವವರನ್ನು ಕಂಡರೆ ನನಗೆ ಅದಕ್ಕೇ ನಗು ಬರುತ್ತದೆ. ನಾನೂ ಕೊಟ್ಟವನೇ ಅನ್ನಿ.

ನನ್ನ ಕಮಾರೊಗೆ ಹಿಂದಿನ ಮಾಲೀಕ ದೊಡ್ಡ ಕ್ಯಾಮ್‌ಶಾಫ್ಟ್ (ಇಂಜಿನ್ನಿನ ವಾಲ್ವುಗಳನ್ನು ತೆರೆಸುವ ದಂಡ) ಹಾಕಿಸಿದ್ದ. ಅಂಥ ಇಂಜಿನ್ನಿಗೆ ಕೆಳಗಿನ ಆರ್‌ಪಿಎಂನಲ್ಲಿ ದಮ್ಮಿಲ್ಲ. ಡ್ರೈವ್‌ನಲ್ಲಿಟ್ಟು ಸಿಗ್ನಲ್ಲಿನಲ್ಲಿ ನಿಂತರೆ ಚಳಿಜ್ವರ ಬಂದವರ ಹಾಗೆ ನಡುಗಿ ಬಂದ್ ಬೀಳುತ್ತಿತ್ತು. ಕನ್ವರ್ಟರ್ ಸ್ವಲ್ಪ ಸಡಿಲ, ಅಂದರೆ ಸ್ಟಾಲ್ ಸ್ವಲ್ಪ ಜಾಸ್ತಿ ಇರಬೇಕಿತ್ತು, ಅಷ್ಟೇ. ಆದರೆ ಒಂದು ಅಂಗಡಿಯವರು 3,500ರದ್ದನ್ನು ಕಟ್ಟಿಬಿಟ್ಟರು. ಎಣ್ಣೆಗೆ ಕೂಲರ್ ಬೇಕಾ ಅಂದರೆ "ಸುಮ್ನೆ ಖರ್ಚು" ಅನ್ನೋ ಅರ್ಥದಲ್ಲಿ ಭುಜ ಹಾರಿಸಿದರು.

ಜಾರಿದ್ದೆಲ್ಲ ಬಿಸಿಯಾಗುತ್ತದೆ. ಬ್ರೇಕ್ ಹಿಡಿದು ಪೂರ್ತಿ ತುಳಿದಾಗ ಚಕ್ರಕ್ಕೆ ಹೋಗುವ ಶಕ್ತಿ ಸೊನ್ನೆ, ಇಂಜಿನ್ ಕೊಟ್ಟದ್ದೆಲ್ಲ ಎಣ್ಣೆಗೆ. ನನ್ನದರಂಥ ಎಂಟು ಸಿಲಿಂಡರಿನ ವಿ8 ಇಂಜಿನ್ ಆದರೆ 3,000ದಲ್ಲಿ ನೂರು ಕಿಲೋವ್ಯಾಟ್ ದಾಟುತ್ತದೆ. ನಮ್ಮೂರಲ್ಲಿ ಬಕೆಟ್ಟಿಗೆ ಇಳಿಬಿಡುವ ಸಾವಿರ ವ್ಯಾಟಿನ ವಾಟರ್ ಹೀಟರ್ ಇದೆಯಲ್ಲ, ಅಂಥವನ್ನು ನೂರು, ಕೆಲವೇ ಲೀಟರ್ ಎಣ್ಣೆಯಲ್ಲಿ ಒಟ್ಟಿಗೆ ಮುಳುಗಿಸಿದ ಹಾಗೆ. ಐದು ಸೆಕೆಂಡಿಗಿಂತ ಜಾಸ್ತಿ ಹಿಡಿಯಬೇಡಿ ಅನ್ನುವುದು ಅದಕ್ಕೇ.

ಮೇಲಾಗಿ ನನ್ನ ಗೇರ್‌ಬಾಕ್ಸಿನಲ್ಲಿ ಲಾಕಪ್ ಇಲ್ಲ. ಈಗಿನ ಕಾರುಗಳಲ್ಲಿ ವೇಗ ಹಿಡಿದ ಮೇಲೆ ಪಂಪನ್ನೂ ಟರ್ಬೈನನ್ನೂ ಒಂದು ಕ್ಲಚ್ ಬಿಗಿದು ಕಟ್ಟುತ್ತದೆ, ಜಾರುವುದು ನಿಲ್ಲುತ್ತದೆ. ನನ್ನದು ಹೈವೇಯಲ್ಲೂ ಜಾರುತ್ತಲೇ ಇತ್ತು. ಒಂದು ಬೇಸಿಗೆ ಕಳೆಯುವುದರೊಳಗೆ ಡಿಪ್‌ಸ್ಟಿಕ್ ಎಳೆದರೆ ಕೆಂಪಗಿರಬೇಕಾದ ಎಣ್ಣೆ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ವಾಸನೆ ಸೀದ ಒಗ್ಗರಣೆಯದ್ದು.

ಭಾವ ಬಂದಾಗ ಇದ್ದದ್ದು ಆ ಕನ್ವರ್ಟರೇ. ಅವರು ಊರಿಗೆ ಹೋದ ಮೇಲೆ ಬಿಚ್ಚಿಸಿದೆ. ಕ್ಯಾಮ್, ಹಿಂದಿನ ಆಕ್ಸಲ್ಲಿನ ಗೇರು, ಗಾಡಿಯ ತೂಕ ಎಲ್ಲ ಕೇಳಿಕೊಂಡು ಮಾಡಿಕೊಡುವವರ ಹತ್ತಿರ ಹೋಗಿ, ನನ್ನ ಇಂಜಿನ್ನಿಗೆ 2,600 ಬರುವಂಥದ್ದು ಹಾಕಿಸಿದೆ. ಜೊತೆಗೆ ಕೂಲರ್. ಈಗ ಸಿಗ್ನಲ್ಲಿನಲ್ಲಿ ಬಂದ್ ಬೀಳುವುದಿಲ್ಲ, ಒತ್ತಿದ ತಕ್ಷಣ ಹೊರಡುತ್ತದೆ. ಕಾಲು ಮೈಲಿಯಲ್ಲಿ ಪಕ್ಕದವನು ಮುಂದೆ ಹೋದರೆ ಹೋಗಲಿ. ನಾನು ಇದರಲ್ಲಿ ಹಾಲು ತರಲೂ ಹೋಗುತ್ತೇನೆ.

ಮೊನ್ನೆ ಭಾವ ಫೋನ್ ಮಾಡಿದ್ದರು. ಜೀಪು ಮಗನಿಗೆ ಬಿಟ್ಟು ತಾವು ಆಟೋಮ್ಯಾಟಿಕ್ ಬ್ರೆಝಾ ತಗೊಂಡಿದ್ದಾರೆ. "ನಂದ್ರಲ್ಲೂ ಅದೇ ಕನ್ವರ್ಟರ್ ಅಂತೆ. ನಿಂದ್ರ ಥರ ಹೈ ಸ್ಟಾಲ್ ಮಾಡಿಸಿದ್ರೆ ಘಾಟಿ ಹತ್ತೋಕೆ ಚೆನ್ನಾಗಿರುತ್ತಾ?"

"ಭಾವ, ದಮ್ಮಯ್ಯ, ಅದನ್ನ ಮುಟ್ಟಬೇಡಿ. ಘಾಟಿಲಿ ಗೇರ್ ನೀವೇ ಒಂದು ಇಳಿಸಿಕೊಳ್ಳಿ, ಸಾಕು."

"ಅಷ್ಟೇನಾ? ಅದು ನಂಗೆ ಗೊತ್ತಿಲ್ವೇನೋ" ಅಂದು ಅಕ್ಕನಿಗೆ ಫೋನ್ ಕೊಟ್ಟರು.