ಗಿಡದಲ್ಲಿ ನಿಲ್ಲದ ಗುಲಾಬಿ

ಧಾರವಾಡದ ಮಾಳಮಡ್ಡಿಯಲ್ಲಿರುವ ನಮ್ಮ ಮನೆಯ ಅಂಗಳದಲ್ಲಿ ಒಂದು ಜವಾರಿ ಗುಲಾಬಿ ಕಂಟಿ ಇದೆ. ನಸುಗೆಂಪು ಬಣ್ಣದ, ಒತ್ತೊತ್ತಾದ ಎಸಳುಗಳ, ಗೇಟು ತೆಗೆಯುವ ಮೊದಲೇ ಮೂಗಿಗೆ ಬಂದು ಮಾತಾಡಿಸುವ ಪರಿಮಳದ ಹೂ ಬಿಡುವ ಈ ಕಂಟಿಯನ್ನು ಕಂಡವರೆಲ್ಲ ‘ಎಷ್ಟು ಛಂದ ಅದರೀ’ ಎನ್ನುತ್ತಾರೆ. ಅಂದವರು ಉಸಿರು ಬಿಡುವುದರೊಳಗೆ ಅದರಿಂದ ಏನೇನು ಮಾಡಬಹುದು ಎಂದು ಹೇಳತೊಡಗುತ್ತಾರೆ. ನನಗೆ ಭಯ ಹುಟ್ಟಿಸುವುದು ಈ ಎರಡನೆಯ ಮಾತು. ಎಲೆಯ ಕರಿಚುಕ್ಕೆ ರೋಗಕ್ಕೆ ಔಷಧವಿದೆ, ನುಸಿಗೆ ಬೇವಿನೆಣ್ಣೆಯಿದೆ. ಗುಲಾಬಿಯ ಉಪಯೋಗಗಳಿಗೆ ಮಾತ್ರ ಯಾವ ಮದ್ದೂ ಇಲ್ಲ. ಒಂದು ಮೊಗ್ಗು ಪೂರ್ತಿಯಾಗಿ ಅರಳಿ, ಗಿಡದ ಮೇಲೆಯೇ ಒಂದು ಹಗಲು ಕಳೆದು, ತಾನಾಗಿ ಎಸಳು ಉದುರಿಸುವುದನ್ನು ನೋಡಬೇಕೆಂಬುದು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನಾನು ಇಟ್ಟುಕೊಂಡಿರುವ ಆಸೆಯಾಗಿದ್ದು, ಅದಕ್ಕೆ ಮನೆಮಂದಿಯೆಲ್ಲರೂ ಒಬ್ಬರಾದ ಮೇಲೊಬ್ಬರು ಸಕಾರಣವಾಗಿಯೇ ಅಡ್ಡಿ ಬಂದಿದ್ದಾರೆ.

ಮೊದಲ ಹಕ್ಕು ದೇವರದು. ಅತ್ತೆಯವರು ಬೆಳಗಿನ ಜಾವದಲ್ಲಿ, ಇನ್ನೂ ಕತ್ತಲಿರುವಾಗಲೇ, ಹೂವಿನ ಬುಟ್ಟಿ ಹಿಡಿದು ಹೊರಗೆ ಬರುತ್ತಾರೆ. ಮೂಸಿದ ಹೂ ದೇವರಿಗೆ ಸಲ್ಲುವುದಿಲ್ಲವಾದ್ದರಿಂದ, ಪರಿಮಳದ ಹೂ ಅಂಗಳದಲ್ಲೇ ಇದ್ದರೂ ಅದರ ಹತ್ತಿರ ಮೂಗು ತರುವ ಅಧಿಕಾರ ಮನೆಯಲ್ಲಿ ಯಾರಿಗೂ ಇಲ್ಲ. ಸ್ವಲ್ಪ ಬಿಸಿಲು ಏರಲಿ, ಹೂ ಚೆನ್ನಾಗಿ ಅರಳಲಿ ಎಂದು ಅವರ ಮನವೊಲಿಸುವ ಸಲುವಾಗಿ ನಾನು ಒಮ್ಮೆ ಗುಲಾಬಿಯ ಬಗ್ಗೆ ಓದಲು ಕುಳಿತೆ. ಸಿಕ್ಕಿದ ಸಂಗತಿ ನನಗೇ ತಿರುಗಿಬಿತ್ತು. ಬಲ್ಗೇರಿಯಾದ ಕಝನ್ಲಾಕ್ ಕಣಿವೆಯಲ್ಲಿ ಸುಗಂಧ ತೈಲಕ್ಕಾಗಿ ಡಮಾಸ್ಕ್ ಗುಲಾಬಿ ಬೆಳೆಯುವವರು ಕೂಡ ಬಿಸಿಲೇರುವ ಮೊದಲೇ ಹೂ ಬಿಡಿಸುತ್ತಾರಂತೆ, ಏಕೆಂದರೆ ಬಿಸಿಲು ಹೆಚ್ಚಿದಂತೆ ಎಸಳಿನಲ್ಲಿರುವ ತೈಲದ ಅಂಶ ಕಡಿಮೆಯಾಗುತ್ತದೆ. ಇದನ್ನು ಕೇಳಿದ ಅತ್ತೆಯವರು ‘ನೋಡು, ಪರದೇಶದವ್ರಿಗೂ ಮಡಿ ಅದ’ ಎಂದು ಹೇಳಿ, ಮರುದಿನದಿಂದ ಇನ್ನೂ ಸ್ವಲ್ಪ ಬೇಗ ಏಳತೊಡಗಿದರು.

ಬೇಗ ಎದ್ದದ್ದರಿಂದ ಒಂದು ಹೊಸ ವಿಷಯ ಬೆಳಕಿಗೆ ಬಂದಿತು. ಕಂಪೌಂಡಿನ ಆಚೆಗೆ ಬಾಗಿದ ಟೊಂಗೆಗಳ ಹೂಗಳು ಮಾಯವಾಗುತ್ತಿದ್ದುದಕ್ಕೆ ನಾವು ಅದುವರೆಗೆ ಮಂಗಗಳನ್ನು ಬೈಯುತ್ತಿದ್ದೆವು. ಮಂಗಗಳು ಮೊಗ್ಗು ತಿನ್ನುವುದು ನಿಜವೇ ಆದರೂ, ಅವು ಕತ್ತರಿಯಿಂದ ಕತ್ತರಿಸಿ ತಿನ್ನುವುದಿಲ್ಲ. ಆ ದಿನ ನಸುಕಿನಲ್ಲಿ ಮಂಕಿ ಕ್ಯಾಪು ಧರಿಸಿ, ಉಣ್ಣೆಯ ಶಾಲು ಹೊದ್ದ ಹಿರಿಯರೊಬ್ಬರು ನಮ್ಮ ಕಂಪೌಂಡಿಗೆ ಅಂಟಿಕೊಂಡಂತೆ ನಿಂತಿದ್ದರು. ಗುಲಾಬಿಯ ಮುಳ್ಳು ನಿಂಬೆಯ ಮುಳ್ಳಿನಂತೆ ರೂಪಾಂತರ ಹೊಂದಿದ ಟೊಂಗೆಯಲ್ಲ, ಕಾಂಡದ ಹೊರ ತೊಗಲಿನಿಂದಲೇ ಎದ್ದ ಬೆಳವಣಿಗೆ. ಬೆರಳಿನಿಂದ ಪಕ್ಕಕ್ಕೆ ಒತ್ತಿದರೆ ಟಕ್ಕನೆ ಕಿತ್ತುಬರುತ್ತದೆ. ಆದರೆ ಅದರ ತುದಿ ಕೆಳಮುಖವಾಗಿ ಕೊಕ್ಕೆಯಂತೆ ಬಾಗಿರುವುದರಿಂದ, ಎಳೆದಷ್ಟೂ ಬಟ್ಟೆಯನ್ನು ಬಿಗಿಯಾಗಿ ಹಿಡಿಯುತ್ತದೆ. ಶಾಸ್ತ್ರ ತಿಳಿಯದ ಆ ಹಿರಿಯರು ಎಷ್ಟು ಹೊತ್ತಿನಿಂದ ಎಳೆಯುತ್ತಿದ್ದರೋ, ಶಾಲಿನ ಜೊತೆಗೆ ಕ್ಯಾಪಿನ ಒಂದು ಬದಿಯೂ ಮುಳ್ಳಿನ ವಶವಾಗಿತ್ತು.

‘ನಮಸ್ಕಾರ್ರೀ ಬಾಯಾರ, ಹೂ ಅಲ್ರೀ, ಶಾಲು ಬಿಡಿಸ್ಲಿಕ್ಕೆ ಹತ್ತೇನಿ’ ಎಂದು ಅವರು ಕೇಳುವ ಮೊದಲೇ ಹೇಳಿದರು.

‘ಬಿಡಿಸ್ರಿ, ಬಿಡಿಸ್ರಿ. ಹಂಗಽ ಆ ಮ್ಯಾಲಿನ ಟೊಂಗಿದು ನನ್ನ ಕೈಗೆ ನಿಲುಕೂದಿಲ್ಲ, ಅದನ್ನೂ ಬಿಡಿಸಿ ಕೊಡ್ರಿ’ ಎಂದು ಅತ್ತೆಯವರು ಬುಟ್ಟಿ ಮುಂದೆ ಹಿಡಿದರು. ಅಂದಿನಿಂದ ಅವರಿಬ್ಬರ ನಡುವೆ ಒಂದು ಒಪ್ಪಂದವಾದಂತಿದೆ. ಎತ್ತರದ ಹೂಗಳನ್ನು ಅವರು ಬಿಡಿಸಿಕೊಡುತ್ತಾರೆ, ಬಿಡಿಸಿದ್ದರಲ್ಲಿ ಎರಡು ಅವರ ಮನೆಯ ದೇವರಿಗೆ ಹೋಗುತ್ತವೆ. ನನ್ನ ಪಾಲಿಗೆ ಶತ್ರುವಿನ ಸಂಖ್ಯೆ ಒಂದು ಹೆಚ್ಚಾಯಿತು.

ಸನ್ಮಾನಗಳಲ್ಲಿ ಗುಲಾಬಿಯ ಉಪಯೋಗ ಎಂಥದೆಂಬುದು ನಮ್ಮ ಮಾವನವರಿಗೆ ಗೊತ್ತು. ಅವರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮಾಸ್ತರರು. ಹುಬ್ಬಳ್ಳಿಯಲ್ಲಿ ಹಳೆಯ ವಿದ್ಯಾರ್ಥಿಗಳು ಅವರನ್ನು ಸನ್ಮಾನಿಸಿ, ಬಾಡಬಾರದೆಂದು ನೀರು ಚಿಮುಕಿಸಿದ್ದ, ತೋಳಿನಷ್ಟು ದಪ್ಪದ ಕೆಂಪು ಗುಲಾಬಿ ಹಾರ ಹಾಕಿದರು. ಫೋಟೊ ತೆಗೆಯುವವರೆಗೆ ಕೊರಳಲ್ಲಿದ್ದ ಹಾರವನ್ನು ಆಮೇಲೆ ತೊಡೆಯ ಮೇಲೆ ಇಟ್ಟುಕೊಂಡ ಮಾವನವರು, ವೇದಿಕೆಯ ಮೇಲಿನ ಗಣ್ಯರೆಲ್ಲ ‘ಎರಡೇ ಮಾತಿನಲ್ಲಿ ಮುಗಿಸುತ್ತೇನೆ’ ಎಂದು ಪ್ರಾರಂಭಿಸಿ ಭಾಷಣ ಮಾಡುತ್ತಾ ಹೋದಂತೆ, ಆ ಹಸಿ ಎಸಳುಗಳನ್ನು ತಮಗರಿವಿಲ್ಲದೆ ಹಿಸುಕುತ್ತಾ ಕುಳಿತರು. ಶಾಲು ಮತ್ತು ಫಲಕದ ಜೊತೆಗೆ ಅವರು ಮನೆಗೆ ತಂದದ್ದು ಬಿಳಿ ಧೋತರದ ಮೇಲೆ ಹರಡಿದ ಒಂದು ಗುಲಾಬಿ ಬಣ್ಣದ ಭೂಪಟವನ್ನು.

ಅತ್ತೆಯವರು ಅದಕ್ಕೆ ಸೋಡಾ ಹಾಕಿ ಉಜ್ಜಿದರು. ಕಲೆ ಹೋಗುವ ಬದಲು ನೋಡನೋಡುತ್ತಿದ್ದಂತೆ ನೀಲಿಮಿಶ್ರಿತ ಹಸಿರಾಯಿತು. ಅವರು ಹೌಹಾರಿ ಕೂಗಿದರೆ, ಓಡಿಬಂದ ಮಾವನವರ ಮುಖ ಮಾತ್ರ ಸನ್ಮಾನದ ದಿನಕ್ಕಿಂತಲೂ ಹೆಚ್ಚು ಅರಳಿತು. ಕೆಂಪು ಗುಲಾಬಿಗೆ ಬಣ್ಣ ಕೊಡುವ ಆಂಥೋಸಯನಿನ್ ಎಂಬ ವರ್ಣದ್ರವ್ಯ ಆಮ್ಲದಲ್ಲಿ ಕೆಂಪಾಗಿಯೂ ಕ್ಷಾರದಲ್ಲಿ ನೀಲಿ-ಹಸಿರಾಗಿಯೂ ಕಾಣುತ್ತದೆ ಎಂಬುದನ್ನು ಅವರು ವರ್ಷಗಟ್ಟಲೆ ಕರಿಹಲಗೆಯ ಮೇಲೆ ಬರೆದಿದ್ದರೇ ಹೊರತು ಧೋತರದ ಮೇಲೆ ಕಂಡಿರಲಿಲ್ಲ. ಮೊಮ್ಮಗನನ್ನು ಕರೆದು, ನಿಂಬೆಹಣ್ಣು ಹಿಂಡಿ ಕಲೆಯನ್ನು ಮತ್ತೆ ಕೆಂಪು ಮಾಡಿ ತೋರಿಸಿದರು. ಸೋಡಾ ಹಾಕಿ ಮತ್ತೆ ಹಸಿರು ಮಾಡಿದರು. ಓಣಿಯ ಮಕ್ಕಳೆಲ್ಲ ಕೂಡಿದ ಮೇಲೆ ಪ್ರಯೋಗಕ್ಕೆ ಕಲೆ ಸಾಲದೆ ಹೋಯಿತು. ಆಗ ನಮ್ಮ ಅಂಗಳದ ಕಂಟಿಯಿಂದ ನಾಲ್ಕು ಹೂಗಳನ್ನು ತಂದು, ಧೋತರದ ಉಳಿದ ಬಿಳಿ ಭಾಗಕ್ಕೂ ತಿಕ್ಕಿದರು. ಆ ಧೋತರ ಈಗ ನಮ್ಮ ಮನೆಯಲ್ಲಿ ನೆಲ ಒರೆಸುತ್ತಿದೆ.

ಇವೆಲ್ಲಕ್ಕಿಂತ ಹೆಚ್ಚು ಹೂಗಳನ್ನು ನುಂಗಿದ್ದು ನಮ್ಮ ಮನೆಯವರ ಗುಲ್ಕಂದ. ಅವರಿಗೆ ಪಿತ್ತದ ತೊಂದರೆ. ಗುಲ್ಕಂದ ದೇಹಕ್ಕೆ ತಂಪು ಎಂದು ಯಾರೋ ಹೇಳಿದ್ದೇ ಸಾಕಾಗಿ, ಒಂದು ಗಾಜಿನ ಭರಣಿ ತೊಳೆದಿಟ್ಟು ದೇವರ ಪಾಲಿನಿಂದಲೂ ಹೂಗಳನ್ನು ಕಡ ತಂದರು. ಗುಲ್ಕಂದದ ವಿಧಾನ ಸರಳವಾದದ್ದು. ನೀರಿನ ಪಸೆಯಿಲ್ಲದ ಎಸಳು ಒಂದು ಪದರ, ಸಕ್ಕರೆ ಒಂದು ಪದರ, ಹೀಗೆ ತೂಕಕ್ಕೆ ತೂಕ ಸಮನಾಗಿ ತುಂಬಿ, ಮೂರು-ನಾಲ್ಕು ವಾರ ಬಿಸಿಲಿಗಿಟ್ಟು, ಆಗಾಗ ಕಲಕುತ್ತಿದ್ದರಾಯಿತು. ಸಕ್ಕರೆ ಎಸಳಿನ ನೀರನ್ನು ಹೀರಿಕೊಂಡು ಪಾಕವಾಗುತ್ತದೆ. ಆ ಪಾಕ ಎಷ್ಟು ಗಟ್ಟಿ ಇರುತ್ತದೆಂದರೆ ಅದರಲ್ಲಿ ಬೂಷ್ಟಾಗಲಿ ಹುಳಿಯಾಗಲಿ ಏಳುವುದಕ್ಕೆ ಆಸ್ಪದವಿರುವುದಿಲ್ಲ. ಅಂದರೆ ಇಡೀ ವಿಧಾನ ನಿಂತಿರುವುದು ಎರಡೇ ವಸ್ತುಗಳ ಮೇಲೆ, ಸಕ್ಕರೆ ಮತ್ತು ಬಿಸಿಲು. ನಮ್ಮ ಮನೆಯವರು ರಕ್ತಪರೀಕ್ಷೆಯ ವರದಿಯನ್ನು ಮುಂದಿಟ್ಟುಕೊಂಡು ಸಕ್ಕರೆಯನ್ನು ಕಾಲು ಭಾಗಕ್ಕೆ ಇಳಿಸಿದರು, ಮತ್ತು ಕೆಲಸ ಆರಂಭಿಸುವುದಕ್ಕೆ ಶ್ರಾವಣ ಮಾಸವನ್ನು ಆರಿಸಿಕೊಂಡರು. ಶ್ರಾವಣದಲ್ಲಿ ಧಾರವಾಡದ ಬಿಸಿಲಿನ ವಿಷಯವನ್ನು ಬಲ್ಲವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಜಿಟಿಜಿಟಿ ಮಳೆ ಹಿಡಿದರೆ ಹಗ್ಗದ ಮೇಲಿನ ಅರಿವೆಯೇ ವಾರವಾದರೂ ಆರುವುದಿಲ್ಲ.

ಬಿಸಿಲು ಕಾಣದ ಭರಣಿ ಮಲಗುವ ಕೋಣೆಯ ಕಿಟಕಿಯಲ್ಲಿ, ಮುಚ್ಚಳ ಬಿಗಿಸಿಕೊಂಡು ಕುಳಿತಿತ್ತು. ಒಳಗೆ ಸಣ್ಣ ಸಣ್ಣ ಗುಳ್ಳೆಗಳು ಏಳುತ್ತಿರುವುದನ್ನು ಕಂಡ ನಮ್ಮ ಮನೆಯವರು ‘ಪಾಕ ಕೂಡಲಿಕ್ಕೆ ಹತ್ತೇದ’ ಎಂದು ಸಂತೋಷಪಟ್ಟರು. ಶ್ರಾವಣ ಶನಿವಾರದ ಪೂಜೆಗೆ ನೆಂಟರು ಬಂದು, ಮಂಗಳಾರತಿಗೆ ಎಲ್ಲರೂ ಎದ್ದು ನಿಂತಿದ್ದಾಗ, ಒಳಗಿನಿಂದ ಢಂ ಎಂಬ ಸದ್ದು ಕೇಳಿಸಿತು. ಮುಚ್ಚಳ ಹಾರಿ ಮಂಚದ ಕೆಳಗೆ ಸೇರಿತ್ತು. ಎಸಳುಗಳು ಕಿಟಕಿಯ ಪರದೆಗೆ, ಗೋಡೆಗೆ, ಅವರ ಇಸ್ತ್ರಿ ಮಾಡಿದ ಅಂಗಿಗೆ ಮೆತ್ತಿಕೊಂಡಿದ್ದವು. ಅದನ್ನಾದರೂ ಒರೆಸಬಹುದಾಗಿತ್ತು. ಮಡಿಯುಟ್ಟವರ ನಡುವೆ ನಿಧಾನವಾಗಿ ಹರಡಿದ, ಗುಲಾಬಿಯ ಪರಿಮಳದೊಡನೆ ಬೆರೆತ ಹೆಂಡದ ವಾಸನೆಯನ್ನು ಯಾವುದರಿಂದ ಒರೆಸುವುದು?

‘ಮನ್ಯಾಗ ಇದನ್ನ ಯಾರು ತಂದಾರ?’ ಎಂದು ಅತ್ತೆಯವರು ಕೇಳಿದ್ದು ಮಗನ ಕೋಣೆಯತ್ತ ನೋಡಿಕೊಂಡೇ. ‘ಅವ್ವಾ, ಗುಲ್ಕಂದ’ ಎಂದು ಅವರು ಮೂರು ಸಲ ಹೇಳಿದರೂ ನೆಂಟರಲ್ಲಿ ಯಾರೂ ನಂಬಿದಂತೆ ಕಾಣಲಿಲ್ಲ. ಎಲೆ-ಅಡಿಕೆಯ ವಿಷಯದಲ್ಲಿ ಪಂಡಿತನಾದ ಗದಗಿನ ಮೈದುನ ಮಾತ್ರ ಬೆರಳದ್ದಿ ರುಚಿ ನೋಡಿ, ‘ಅಣ್ಣಾ, ಇದನ್ನ ಚೆಲ್ಲಬ್ಯಾಡ’ ಎಂದು ಪಿಸುಗುಟ್ಟಿದ. ಮುಂದಿನ ಬೇಸಿಗೆಯಲ್ಲಿ ಅದೇ ಮೈದುನ ಬಂದು ಕಂಟಿಯನ್ನು ಬೋಳಿಸಿ ಹೂಗಳನ್ನೆಲ್ಲ ಗದಗಿಗೆ ಒಯ್ದು, ಅಲ್ಲಿಯ ಮಾಳಿಗೆಯ ರಣಬಿಸಿಲಿನಲ್ಲಿ ಜೇನಿನಂಥ ಗುಲ್ಕಂದ ಮಾಡಿದನೆಂದೂ ಅದು ಬಹಳ ರುಚಿಯಾಗಿತ್ತೆಂದೂ ಫೋನಿನಲ್ಲಿ ತಿಳಿಸಿದ. ಭರಣಿ ಇನ್ನೂ ಧಾರವಾಡಕ್ಕೆ ಬಂದಿಲ್ಲ.

ಪನ್ನೀರಿನ ಕಥೆ ಚಿಕ್ಕದು. ಉತ್ತರ ಪ್ರದೇಶದ ಕನೌಜಿನಲ್ಲಿ ತಾಮ್ರದ ಹಂಡೆಗೆ ಎಸಳು, ನೀರು ಹಾಕಿ, ಮುಚ್ಚಳದ ಸಂದಿಗೆ ಮಣ್ಣು ಮೆತ್ತಿ, ಬಿದಿರಿನ ಕೊಳವೆಯ ಮೂಲಕ ಆವಿಯನ್ನು ಶ್ರೀಗಂಧದ ಎಣ್ಣೆಯಿರುವ ಪಾತ್ರೆಗೆ ಇಳಿಸಿ ಅತ್ತರು ತೆಗೆಯುತ್ತಾರೆ. ಒಂದು ಕಿಲೋ ಅಪ್ಪಟ ಗುಲಾಬಿ ತೈಲಕ್ಕೆ ಸುಮಾರು 3,000ದಿಂದ 5,000 ಕಿಲೋ ಎಸಳು ಬೇಕು. ರಸಾಯನಶಾಸ್ತ್ರ ಓದುತ್ತಿರುವ ಪಕ್ಕದ ಮನೆಯ ಹುಡುಗಿಗೆ ಅಷ್ಟೆಲ್ಲ ದೊಡ್ಡ ಆಸೆ ಇರಲಿಲ್ಲ. ಒಂದು ಬುಟ್ಟಿ ಹೂ ಒಯ್ದು, ಪಾತ್ರೆಯ ನಡುವೆ ಬಟ್ಟಲಿಟ್ಟು, ಮುಚ್ಚಳವನ್ನು ಬೋರಲು ಮಾಡಿ ಅದರ ಮೇಲೆ ಮಂಜುಗಡ್ಡೆ ಹಾಕಿ, ಒಂದು ಶೀಸೆ ಪನ್ನೀರು ಇಳಿಸಿಯೇಬಿಟ್ಟಳು. ಆದರೆ ಆ ಪಾತ್ರೆ ಅವರ ಮನೆಯಲ್ಲಿ ದಿನವೂ ಹುಳಿ ಕುದಿಯುವ ಪಾತ್ರೆಯಾಗಿತ್ತು, ಮತ್ತು ಆವಿ ಗುಲಾಬಿಗೂ ಇಂಗಿಗೂ ಭೇದ ಎಣಿಸುವುದಿಲ್ಲ. ಅರಿಷಿಣ-ಕುಂಕುಮಕ್ಕೆ ಬಂದ ಮುತ್ತೈದೆಯರ ಮೇಲೆ ಅತ್ತೆಯವರು ಬೆಳ್ಳಿಯ ಗುಲಾಬದಾನಿಯಿಂದ ಅದನ್ನು ಚಿಮುಕಿಸಿದಾಗ, ‘ಇವತ್ತ ಒಗ್ಗರಣಿ ಭಾಳ ಘಮ್ಮನ್ನಲಿಕ್ಕೆ ಹತ್ತೇದಲ್ಲ ವೈನಿ, ಊಟಕ್ಕೂ ಹೇಳೀರೇನು?’ ಎಂದು ಒಬ್ಬರು ಕೇಳಿಯೇಬಿಟ್ಟರು.

ಇಷ್ಟಾದ ಮೇಲೆ ನಾನು ಒಂದು ಉಪಾಯ ಹೂಡಿದೆ. ಯಾರಿಗೂ ಯಾವುದಕ್ಕೂ ಬಾರದ ಗುಲಾಬಿಯನ್ನು ಹುಡುಕಿ ತರುವುದು. 1867ರ ‘ಲಾ ಫ್ರಾನ್ಸ್’ ಎಂಬ ತಳಿಯನ್ನು ಮೊದಲನೆಯದೆಂದು ಎಣಿಸುವ ಹೈಬ್ರಿಡ್ ಟೀ ಗುಲಾಬಿಗಳ ವಂಶದಲ್ಲಿ, ನೀಳ ದಂಟು, ದೊಡ್ಡ ಹೂ, ಹೆಚ್ಚು ದಿನ ಬಾಳುವಿಕೆ ಎಂದು ಆರಿಸುತ್ತಾ ಬಂದಂತೆ ಎಷ್ಟೋ ತಳಿಗಳು ಪರಿಮಳವನ್ನೇ ಕಳೆದುಕೊಂಡಿವೆ. ಗುಲಾಬಿಯ ಪರಿಮಳಕ್ಕೆ ಮುಖ್ಯವಾದ ಜೆರಾನಿಯಾಲ್ ಎಂಬ ದ್ರವ್ಯ ಸಿದ್ಧವಾಗುವುದರಲ್ಲಿ ಒಂದು ಕಿಣ್ವದ ಪಾತ್ರವಿದೆಯೆಂದೂ, ಪರಿಮಳವಿಲ್ಲದ ತಳಿಯಲ್ಲಿ ಅದರ ಜೀನ್ ಕೆಲಸ ಮಾಡದೆ ಸುಮ್ಮನಿರುತ್ತದೆಂದೂ 2015ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ತೋರಿಸಿದರು. ಆ ಸುಮ್ಮನಿರುವ ಜೀನೇ ನನಗೆ ಬೇಕಾಗಿತ್ತು. ನರ್ಸರಿಯವನ ಬಳಿ ‘ವಾಸನಿ ಇರಲಾರದ ಗುಲಾಬಿ ಕೊಡ್ರಿ’ ಎಂದು ಕೇಳಿದಾಗ, ಅವನು ನನ್ನನ್ನು ಒಮ್ಮೆ ನೋಡಿ, ಹಿಂದೆ ಯಾರಾದರೂ ಮನೆಯವರು ಬಂದಿದ್ದಾರೆಯೇ ಎಂದು ನೋಡಿದ.

ಉಪಾಯ ಫಲಿಸಿತು. ಕಡುಗೆಂಪಿನ ಆ ಹೂವನ್ನು ಅತ್ತೆಯವರು ಮೂಸದಿದ್ದರೂ ‘ಇದಕ್ಕ ಜೀವನಽ ಇಲ್ಲ’ ಎಂದರು. ನಮ್ಮ ಮನೆಯವರು ಗುಲ್ಕಂದಕ್ಕೆ ಬಾರದೆಂದರು. ಒಂದು ಹೂ ನನ್ನ ಕಣ್ಣೆದುರಿಗೇ ವಾರಗಟ್ಟಲೆ ಗಿಡದ ಮೇಲೆ ನಿಂತಿತು. ಸೌಂದರ್ಯಕ್ಕೆ ಕೊರತೆಯಿರಲಿಲ್ಲ, ಆದರೆ ದಿನಕ್ಕೆರಡು ಸಲ ಹತ್ತಿರ ಹೋಗಿ ಮೂಗು ಒಡ್ಡಿ, ಏನೂ ಸಿಗದೆ ಹಿಂದಿರುಗುವಾಗ, ಬೇರೆಯವರು ಯಾರಾದರೂ ನೋಡಿದರೇ ಎಂದು ನಾಚಿಕೆಯಾಗುತ್ತಿತ್ತು.

ಅದೂ ಬಹಳ ಕಾಲ ಉಳಿಯಲಿಲ್ಲ. ಇಂಥ ಗಿಡಗಳು ಸಾಮಾನ್ಯವಾಗಿ ಕಣ್ಣು ಕಸಿ ಮಾಡಿದವು. ಬೇರು ಗಡುಸಾದ ಕಾಡು ಗುಲಾಬಿಯದು, ಮೇಲಿನ ಭಾಗ ಮಾತ್ರ ಚೆಲುವಿನ ತಳಿಯದು. ಕಸಿಯ ಗಂಟಿನ ಕೆಳಗಿನಿಂದ ಚಿಗುರು ಬಂದರೆ ಅದನ್ನು ಆಗಿಂದಾಗಲೇ ಬುಡಸಹಿತ ಕಿತ್ತುಹಾಕಬೇಕು. ಆದರೆ ಮಾವನವರು ಎಲ್ಲ ದಡ್ಡ ಹುಡುಗರ ಮೇಲೂ ಭರವಸೆ ಇಟ್ಟ ಮಾಸ್ತರರು. ‘ಇಷ್ಟು ಹುರುಪಿನಿಂದ ಏಳೂ ಚಿಗುರನ್ನ ಕೀಳ್ತಾರೇನು?’ ಎಂದು ಅದಕ್ಕೇ ಹೆಚ್ಚು ಗೊಬ್ಬರ, ನೀರು ಕೊಟ್ಟು, ಕೋಲು ನೆಟ್ಟು ಕಟ್ಟಿದರು. ಕೆಂಪು ಗುಲಾಬಿ ಸೊರಗಿ ಒಣಗಿತು. ಅದರ ಜಾಗದಲ್ಲಿ ಅಂಗಿಯ ಗುಂಡಿಯಷ್ಟೇ ಸಣ್ಣ ಬಿಳಿ ಹೂಗಳ ಗೊಂಚಲು ಬಿಡುವ, ಆಳೆತ್ತರದ ಮುಳ್ಳಿನ ಪೊದೆ ಎದ್ದು ನಿಂತಿದೆ. ಮಂಗಗಳು ಕೂಡ ಅದನ್ನು ಸುತ್ತುಬಳಸಿ ಹೋಗುತ್ತವೆ.

ಕಳೆದ ಅಕ್ಟೋಬರಿನಲ್ಲಿ ಜವಾರಿ ಕಂಟಿಯ ಟೊಂಗೆ ಸವರುವಾಗ, ಶಾಲಿನ ಹಿರಿಯರು ತಾವಾಗಿಯೇ ಬಂದು, ಎಂದಿಗೂ ಇನ್ನೊಬ್ಬರ ಗಿಡಕ್ಕೆ ಕೈಹಾಕಬಾರದೆಂಬ ತೀರ್ಮಾನಕ್ಕೆ ಬಂದಿರುವುದಾಗಿ ಹೇಳಿ, ಕತ್ತರಿಸಿದ ಟೊಂಗೆಗಳಲ್ಲಿ ಒಂದನ್ನು ಕೇಳಿ ಒಯ್ದರು. ಪೆನ್ಸಿಲಿನಷ್ಟು ದಪ್ಪದ ಟೊಂಗೆಯೊಂದನ್ನು ಹಸಿ ಮಣ್ಣಿನಲ್ಲಿ ಊರಿದರೆ ಈ ಗುಲಾಬಿ ಸಲೀಸಾಗಿ ಬೇರು ಬಿಡುತ್ತದೆ. ಅವರ ಮನೆಯ ಮುಂದೆ ಅದು ಚೆನ್ನಾಗಿ ಹತ್ತಿಕೊಂಡು, ಈಗ ಹೂ ಬಿಡತೊಡಗಿದೆ. ಅದೇ ಸಮಯಕ್ಕೆ ಸರಿಯಾಗಿ ಅತ್ತೆಯವರಿಗೂ ಮೊಣಕಾಲು ನೋವಿಗೆ ನಡಿಗೆ ಒಳ್ಳೆಯದೆಂಬ ನಂಬಿಕೆ ಹುಟ್ಟಿದ್ದು, ನಸುಕಿನಲ್ಲಿ ಅರಿವೆಯ ಚೀಲ ಹಿಡಿದು ಆ ಓಣಿಯ ಕಡೆಗೇ ಹೋಗಿಬರುತ್ತಾರೆ. ಮೊನ್ನೆ ಸೆರಗಿನ ಅಂಚು ಹರಿದುಕೊಂಡು ಬಂದಾಗ ನಾನು ಚೀಲದತ್ತ ನೋಡಿದ್ದನ್ನು ಕಂಡು, ‘ಅವರ ಮನಿ ಹೂ ಅಂತ ತಿಳೀಬ್ಯಾಡ, ಟೊಂಗಿ ನಮ್ಮದಽ’ ಎಂದು ನೇರವಾಗಿ ದೇವರ ಕೋಣೆಗೆ ನಡೆದರು.